ಸಣ್ಣ ಕ್ಯಾಂಪರ್ ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಹಾಕೋದು: ಎಕ್ಸಲ್ ಅಳತೆಯಿಂದ ಕೊನೇ ವೈರ್‌ವರೆಗೆ

ವಾಣಿವಿಲಾಸ ಸಾಗರದ ಹತ್ತಿರ ಒಂದು ರಾತ್ರಿ ಇದ್ದು, ಬೆಳಿಗ್ಗೆ ಹೊಸದುರ್ಗ, ಹೊಳಲ್ಕೆರೆ ಮೇಲೆ ದಾವಣಗೆರೆಗೆ ವಾಪಸ್ ಬರುತ್ತಿದ್ದೆವು. ಬೊಲೆರೊ ಹಿಂದೆ ನಮ್ಮ ಮಡಚುವ ಟ್ರೇಲರ್. ಬಿಚ್ಚಿದರೆ ನಾಲ್ಕು ಜನ ಮಲಗೋ ಟೆಂಟು, ಮಡಚಿದರೆ ಒಂದು ದೊಡ್ಡ ಡಬ್ಬಿ. ಸಣ್ಣ ಇಳಿಜಾರು, ಒಂದು ತಿರುವು, ತಿರುವಿನ ಆಚೆ ರಸ್ತೆ ತುಂಬ ಕುರಿ. ಬ್ರೇಕ್ ಒತ್ತಿದೆ. ಗಾಡಿ ನಿಧಾನವಾಯಿತು, ಟ್ರೇಲರ್ ಆಗಲಿಲ್ಲ. ಹಿಂದಿನಿಂದ ಯಾರೋ ಹೆಗಲು ಕೊಟ್ಟು ತಳ್ಳಿದ ಹಾಗೆ ಬೊಲೆರೊದ ಹಿಂಭಾಗ ಬಲಕ್ಕೆ ಜಾರಿತು, ಕನ್ನಡಿಯಲ್ಲಿ ಟ್ರೇಲರ್‌ನ ಪಕ್ಕದ ತಗಡು ಪೂರ್ತಿ ಕಾಣಿಸಿತು. ಕಾಣಬಾರದು ಅದು. ಕುರಿಗೂ ಏನೂ ಆಗಲಿಲ್ಲ, ನಮಗೂ ಆಗಲಿಲ್ಲ. ಕುರಿಯವನು ಮಾತ್ರ ಐದು ನಿಮಿಷ ಬೈದ, ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ಮರುದಿನವೇ ಪಿ.ಬಿ. ರೋಡಿನ ಆಚೆ ಇರುವ ಲೇತ್ ಅಂಗಡಿಗೆ ಹೋದೆ. ಭಾಯ್ ನಕ್ಕರು. "ಟ್ರ್ಯಾಕ್ಟರ್ ಟ್ರ್ಯಾಲಿಗೇ ಬ್ರೇಕ್ ಇಲ್ಲ ಬಿಡಣ್ಣ, ಇಷ್ಟುದ್ದ ಡಬ್ಬಿಗೆ ಯಾಕೆ?" ಮಾತು ನಿಜವೇ. ನಮ್ಮ ಕಡೆ ಮೆಕ್ಕೆಜೋಳ ತುಂಬಿಕೊಂಡು ಓಡಾಡುವ ಟ್ರ್ಯಾಲಿಗಳಲ್ಲಿ ಎಷ್ಟಕ್ಕೆ ಬ್ರೇಕ್ ಇದೆ ಹೇಳಿ. ಆದರೆ ಟ್ರ್ಯಾಕ್ಟರ್ ಓಡೋದು 20–25ರಲ್ಲಿ, ಅದರ ತೂಕವೂ ಜಾಸ್ತಿ. ನಾವು ಹೈವೇಯಲ್ಲಿ 70ರಲ್ಲಿ ಹೋಗುತ್ತೇವೆ.

ಈ ಕೆಲಸ ಮುಗಿಸೋಕೆ ನನಗೆ ಮೂರು ಭಾನುವಾರ ಸಾಕಿತ್ತು, ಆರು ಹಿಡಿಯಿತು. ಆ ಎಕ್ಸ್‌ಟ್ರಾ ಮೂರು ಭಾನುವಾರ ಪೂರ್ತಿ ನನ್ನ ತಪ್ಪಿನದ್ದು, ಅದರಲ್ಲೂ ಎರಡು ಬರೀ ವೈರಿಂಗ್‌ನದ್ದು. ಡ್ರಮ್ಮು, ಶೂ, ಬೇರಿಂಗು ಅಂದರೆ ಎಲ್ಲರೂ ಹೆದರುತ್ತಾರೆ. ಕೈ ಕೊಡೋದು ತಂತಿ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅಂತ

ಇದರಲ್ಲಿ ಬ್ರೇಕ್ ಆಯಿಲ್ ಇಲ್ಲ, ಪೈಪ್ ಇಲ್ಲ. ಪ್ರತಿ ಗಾಲಿಯ ಡ್ರಮ್ಮಿನ ಒಳಗೆ ಒಂದು ವಿದ್ಯುತ್ ಮ್ಯಾಗ್ನೆಟ್ ಇರುತ್ತದೆ. ನೀವು ಪೆಡಲ್ ಒತ್ತಿದಾಗ ಗಾಡಿಯೊಳಗಿನ ಕಂಟ್ರೋಲರ್ ಆ ಮ್ಯಾಗ್ನೆಟ್‌ಗೆ ಕರೆಂಟ್ ಕಳಿಸುತ್ತದೆ. ಮ್ಯಾಗ್ನೆಟ್ ತಿರುಗುತ್ತಿರುವ ಡ್ರಮ್ಮಿನ ಒಳಮುಖಕ್ಕೆ ಅಂಟಿಕೊಳ್ಳುತ್ತದೆ, ಡ್ರಮ್ಮು ಅದನ್ನು ತನ್ನ ಜೊತೆ ಎಳೆಯುತ್ತದೆ, ಮ್ಯಾಗ್ನೆಟ್ ಕೂತಿರುವ ಲಿವರ್ ಸರಿಯುತ್ತದೆ, ಲಿವರ್‌ನ ಮೇಲ್ತುದಿ ಶೂಗಳನ್ನು ಅಗಲಿಸುತ್ತದೆ, ಶೂ ಮೇಲಿನ ಲೈನಿಂಗ್ ಪಟ್ಟಿ ಡ್ರಮ್ಮಿಗೆ ಉಜ್ಜಿ ಗಾಲಿಯನ್ನು ಹಿಡಿಯುತ್ತದೆ. ಕರೆಂಟ್ ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ. ಅಷ್ಟೇ ವಿಷಯ.

ಇದರಿಂದ ಎರಡು ಮಾತು ತಾನಾಗೇ ಬರುತ್ತವೆ. ಲಿವರ್ ಎಳೆಯೋದು ತಿರುಗುವ ಡ್ರಮ್ಮು, ಹಾಗಾಗಿ ನಿಂತ ಟ್ರೇಲರ್‌ಗೆ ಇದು ಹ್ಯಾಂಡ್ ಬ್ರೇಕ್ ಅಲ್ಲ. ಗಾಲಿಗೆ ಕಲ್ಲು ಕೊಡಲೇಬೇಕು. ಮತ್ತೆ, ಹಿಡಿತ ಪೂರ್ತಿ ಕರೆಂಟ್ ಮೇಲೆ ನಿಂತಿದೆ. ದಾರಿಯಲ್ಲಿ ಎಲ್ಲಿ ವೋಲ್ಟೇಜ್ ಸೋರಿದರೂ ಅಷ್ಟು ಬ್ರೇಕ್ ಹೋಯಿತು.

ಟ್ರೇಲರ್ ಮುಂದಕ್ಕೆ ತಳ್ಳಿದಾಗ ಕೊಂಡಿಯೇ ಒಳಗೆ ಸರಿದು ಹಿಡಿಯುವ ಮೆಕ್ಯಾನಿಕಲ್ ಬ್ರೇಕ್ ಕೂಡ ಇದೆ. ಅದಕ್ಕೆ ಗಾಡಿಯ ಒಳಗೆ ಯಾವ ವೈರಿಂಗೂ ಬೇಡ. ಆದರೆ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡಿದಾಗ ಟ್ರೇಲರ್ ಬ್ರೇಕ್ ಒಂದನ್ನೇ ಕೈಯಲ್ಲಿ ಹಿಡಿಯುವ ಅನುಕೂಲ ಅದರಲ್ಲಿಲ್ಲ. ನನಗೆ ಬೇಕಿದ್ದದ್ದು ಅದೇ.

ತೂಕ ಹಾಕಿಸಿ, ಆಮೇಲೆ ಸಾಮಾನು ತರಿಸಿ

ಟ್ರೇಲರ್‌ಗೆ ಪ್ರವಾಸಕ್ಕೆ ತುಂಬುವ ಎಲ್ಲವನ್ನೂ ತುಂಬಿ ವೇ ಬ್ರಿಡ್ಜ್‌ಗೆ ಹೋಗಿ. ನೀರಿನ ಕ್ಯಾನ್, ಗ್ಯಾಸ್, ಹಾಸಿಗೆ, ಮಂಡಕ್ಕಿ ಚೀಲವೂ ಸೇರಿ. ಎಪಿಎಂಸಿ ಕಡೆ ಮೆಕ್ಕೆಜೋಳದ ಲಾರಿಗಳ ಮಧ್ಯೆ ಈ ಡಬ್ಬಿ ನಿಲ್ಲಿಸಿದಾಗ ತೂಕದವನು ಮೇಲೆ ಕೆಳಗೆ ನೋಡಿದ. ನಮ್ಮದು 680 ಕಿಲೋ ಬಂತು. ನಾನು 450 ಅಂದುಕೊಂಡಿದ್ದೆ.

ಯುರೋಪಿನಲ್ಲೂ ಆಸ್ಟ್ರೇಲಿಯಾದಲ್ಲೂ 750 ಕಿಲೋ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ನಮ್ಮದು ಅದಕ್ಕಿಂತ ಕಡಿಮೆ, ನಿಜ. ಆದರೆ ಆ ಗೆರೆಯ ಕೆಳಗಿದ್ದರೆ ಕುರಿ ಹಿಂಡು ದಾರಿ ಬಿಡುತ್ತದೆ ಅಂತೇನೂ ಇಲ್ಲ.

ಅದೇ ದಿನ ಕೊಂಡಿಯ ಮೇಲೆ ಬೀಳುವ ತೂಕವನ್ನೂ ನೋಡಿ. ಸಮತಟ್ಟು ಜಾಗದಲ್ಲಿ ಮನೆಯಲ್ಲಿ ಜನ ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಒಂದು ಮರದ ತುಂಡು ಇಟ್ಟು ಕೊಂಡಿ ಕೂರಿಸಿದರೆ ಸಾಕು. ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರಬೇಕು. 680 ಕಿಲೋಗೆ 68ರಿಂದ 102 ಕಿಲೋ. ಕಡಿಮೆ ಬಂದರೆ ಸಾಮಾನು ಮುಂದಕ್ಕೆ ಸರಿಸಿ. ಹಿಂಭಾರ ಇರುವ ಟ್ರೇಲರ್‌ನ ಓಲಾಟವನ್ನು ಯಾವ ಬ್ರೇಕೂ ಸರಿಮಾಡೋಲ್ಲ.

ಈಗ ಎಕ್ಸಲ್. ಎಲ್ಲಕ್ಕಿಂತ ಮೊದಲು ಗಾಲಿ ಬಿಚ್ಚಿ, ಗಾಲಿ ಕೂರುವ ಹಬ್ಬಿನ ಹಿಂದೆ ಟಾರ್ಚ್ ಹಾಕಿ ನೋಡಿ. ನಾಲ್ಕು ತೂತಿನ ಚೌಕದ ಒಂದು ಫ್ಲಾಂಜ್ ಎಕ್ಸಲ್‌ಗೆ ಬೆಸೆದಿದೆಯಾ? ಇದ್ದರೆ ನೀವು ಪುಣ್ಯವಂತರು, ಶೂ, ಮ್ಯಾಗ್ನೆಟ್ ಕೂತಿರುವ ಬ್ರೇಕ್ ಪ್ಲೇಟ್ ಅದಕ್ಕೇ ಬೋಲ್ಟ್ ಆಗುತ್ತದೆ, ಅರ್ಧ ಕೆಲಸ ಆದ ಹಾಗೆ. ಇಲ್ಲದಿದ್ದರೆ ಫ್ಲಾಂಜ್ ಬೆಸೆಯಬೇಕು, ಇಲ್ಲವೇ ಬ್ರೇಕ್ ಸಮೇತ ಬರುವ ಎಕ್ಸಲ್ಲನ್ನೇ ತರಿಸಬೇಕು. ಎಕ್ಸಲ್ ಹಳೆಯದು, ತುದಿ ಸವೆದಿದೆ ಅನ್ನುವುದಾದರೆ ಎರಡನೆಯದೇ ಒಳ್ಳೆಯದು, ಖರ್ಚು ಕಂಡು ಬೆಚ್ಚಬೇಡಿ. ರಬ್ಬರ್ ತುಂಬಿದ ಟಾರ್ಷನ್ ಎಕ್ಸಲ್ ಆಗಿದ್ದರಂತೂ ಸುಮ್ನೆ ವೆಲ್ಡಿಂಗ್‌ಗೆ ಕೂರಬೇಡಿ. ಬಿಸಿಗೆ ಒಳಗಿನ ರಬ್ಬರ್ ಕೆಡುತ್ತದೆ.

ಬ್ರೇಕ್‌ನ ಅಳತೆ ಎಕ್ಸಲ್ ಹೊರುವ ತೂಕದ ಮೇಲೆ. ಅಮೆರಿಕದ ಲೆಕ್ಕದಲ್ಲಿ 2,000 ಪೌಂಡ್, ಅಂದರೆ ಸುಮಾರು 900 ಕಿಲೋ ಎಕ್ಸಲ್‌ಗೆ 7 ಇಂಚಿನ ಬ್ರೇಕ್. 3,500 ಪೌಂಡ್, ಸುಮಾರು 1,590 ಕಿಲೋ ಎಕ್ಸಲ್‌ಗೆ 10 ಇಂಚಿನದ್ದು. ಎರಡರ ಪ್ಲೇಟಿಗೂ ನಾಲ್ಕು ಬೋಲ್ಟು. ಡೆಕ್ಸ್‌ಟರ್ ಥರದ ಕಂಪನಿಗಳ ಪ್ಲೇಟುಗಳು ಶೂ, ಸ್ಪ್ರಿಂಗ್, ಮ್ಯಾಗ್ನೆಟ್ ಎಲ್ಲ ಜೋಡಿಸಿಯೇ ಬರುತ್ತವೆ, ಬಿಡಿಬಿಡಿಯಾಗಿ ತರಿಸಬೇಡಿ. ರಿಮ್‌ನ ಒಳಗೆ ಡ್ರಮ್ಮು ಕೂರುತ್ತದಾ ಅಂತ ಸ್ಕೇಲ್ ಹಿಡಿದು ನೋಡಿಕೊಳ್ಳಿ. ಸಣ್ಣ ರಿಮ್ಮಿಗೆ 10 ಇಂಚಿನ ಡ್ರಮ್ಮು ಹೋಗೋಲ್ಲ.

ತುಂಬಾ ಜನ ಎಡವೋದು ಗಾಲಿಯ ಬೋಲ್ಟ್ ಅಳತೆಯಲ್ಲಿ. ಹೊರಗಿನಿಂದ ಬರುವ ಡ್ರಮ್ಮುಗಳಲ್ಲಿ ಸಾಮಾನ್ಯವಾಗಿ 5 ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 114.3 ಮಿ.ಮೀ. ನಮ್ಮ ದೇಶದ ಮಾರುತಿ ಜಿಪ್ಸಿಯ ರಿಮ್ 5 ಬೋಲ್ಟೇ, ಆದರೆ 139.7. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಐದು ಬೋಲ್ಟಿನಲ್ಲಿ ಎದುರುಬದುರು ಬೋಲ್ಟ್ ಇರೋದಿಲ್ಲ, ಹಾಗಾಗಿ ನೇರವಾಗಿ ಅಳೆಯೋಕೆ ಆಗೋಲ್ಲ. ಪಕ್ಕಪಕ್ಕದ ಎರಡು ಬೋಲ್ಟಿನ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದು 1.7ರಿಂದ ಗುಣಿಸಿ. 67 ಮಿ.ಮೀ. ಬಂದರೆ 114.3ರದ್ದು, 82 ಬಂದರೆ 139.7ರದ್ದು. ಟ್ರೇಲರ್ ಗಾಲಿಯೂ ಗಾಡಿಯ ಸ್ಟೆಪ್ನಿಯೂ ಒಂದೇ ಆಗಬೇಕು ಅಂತಿದ್ದರೆ ಆರ್ಡರ್ ಮಾಡುವಾಗಲೇ ಇದನ್ನು ಹೇಳಿ.

ಜೊತೆಗೆ ಕಾಗದದ ಕೆಲಸ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. ಟ್ರೇಲರ್ ಕೂಡ ಕಾಯ್ದೆಯ ಲೆಕ್ಕಕ್ಕೆ ಒಂದು ವಾಹನವೇ. ಎಕ್ಸಲ್ ಮುಟ್ಟುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸ್‌ನವರ ಹತ್ತಿರ ಒಂದು ಮಾತು ಕೇಳಿ, ಬರೆಸಿಕೊಳ್ಳಿ.

ಫ್ಲಾಂಜ್: ಇದನ್ನು ಲೇತ್‌ನವರಿಗೇ ಬಿಡಿ

ನಮ್ಮ ಎಕ್ಸಲ್‌ಗೆ ಫ್ಲಾಂಜ್ ಇರಲಿಲ್ಲ. ನಾನು ವೆಲ್ಡಿಂಗ್ ಅಂಗಡಿಗೆ ಕೊಟ್ಟು ಸಂಜೆಗೆ ತರೋಣ ಅಂತಿದ್ದೆ. ಭಾಯ್ ತಡೆದರು. ಅವರ ಅಂಗಡಿಯಲ್ಲಿರೋದು ಹರಿಹರದ ಕಿರ್ಲೋಸ್ಕರ್ ಲೇತ್, ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು, ಮಷೀನ್ ಮಾತ್ರ ಇನ್ನೂ ಗಟ್ಟಿ. ಬ್ರೇಕ್ ಪ್ಲೇಟನ್ನೇ ಫರ್ಮಾ ಮಾಡಿಕೊಂಡು ದಪ್ಪ ಪ್ಲೇಟಿನಲ್ಲಿ ನಾಲ್ಕು ತೂತು ಹಾಕಿದರು, ನಡುವಿನ ತೂತನ್ನು ಎಕ್ಸಲ್‌ಗೆ ಬಿಗಿಯಾಗಿ ಕೂರುವ ಹಾಗೆ ಲೇತ್‌ನಲ್ಲಿ ಬೋರ್ ಮಾಡಿದರು. ಆಮೇಲೆ ನಾಲ್ಕು ಕಡೆ ಬರೀ ಚುಕ್ಕೆ ವೆಲ್ಡ್. ಎಕ್ಸಲ್ ತುದಿಗೆ ಡಯಲ್ ಗೇಜ್ (ಸೊಟ್ಟ ಅಳೆಯುವ ಮುಳ್ಳಿನ ಮೀಟರು) ಕಟ್ಟಿ, ಮುಳ್ಳನ್ನು ಫ್ಲಾಂಜ್ ಮುಖಕ್ಕೆ ತಾಗಿಸಿ, ಗೇಜನ್ನು ಒಂದು ಸುತ್ತು ನಿಧಾನಕ್ಕೆ ತಿರುಗಿಸಿದರು. ಮುಳ್ಳು ಒಂದು ಕಡೆ ಹಾರಿತು. ಸಣ್ಣ ಸುತ್ತಿಗೆಯಲ್ಲಿ ಟಕ್ ಅಂತ ಒಂದೇ ಏಟು. ಮತ್ತೆ ಸುತ್ತು. ಮತ್ತೆ ಒಂದು ಏಟು. ಮುಳ್ಳು ನಿಂತಲ್ಲೇ ನಿಂತ ಮೇಲೆಯೇ ಪೂರ್ತಿ ವೆಲ್ಡ್, ಅದೂ ಎದುರುಬದುರು ಸ್ವಲ್ಪ ಸ್ವಲ್ಪ, ಒಂದೇ ಕಡೆ ಬಿಸಿಯಾಗಿ ಎಳೆಯದ ಹಾಗೆ.

ಇಷ್ಟು ನಾಜೂಕು ಯಾಕೆ ಅಂದರೆ, ಫ್ಲಾಂಜ್ ಸೊಟ್ಟಗಿದ್ದರೆ ಶೂಗಳು ಡ್ರಮ್ಮಿಗೆ ಒಂದು ಅಂಚಿನಲ್ಲಿ ಮಾತ್ರ ತಾಗುತ್ತವೆ, ಮ್ಯಾಗ್ನೆಟ್ ಕೂಡ ಓರೆಯಾಗಿ ಸವೆಯುತ್ತದೆ. ಬೇರಿಂಗ್ ಕೂರುವ ಜಾಗದಿಂದ ಫ್ಲಾಂಜ್ ಎಷ್ಟು ದೂರ ಅನ್ನೋದೂ ಅಷ್ಟೇ ಮುಖ್ಯ. ಅದನ್ನು ಊಹೆ ಮಾಡಬೇಡಿ. ಪ್ಲೇಟ್, ಡ್ರಮ್ಮು, ಬೇರಿಂಗ್ ಮೂರನ್ನೂ ಎಕ್ಸಲ್ ಮೇಲೆ ಕೂರಿಸಿ, ಡ್ರಮ್ಮು ಪ್ಲೇಟಿಗೆ ಉಜ್ಜದೆ ತಿರುಗುತ್ತದೆ, ಮ್ಯಾಗ್ನೆಟ್ ಒಳಮುಖಕ್ಕೆ ಸರಿಯಾಗಿ ಕೂರುತ್ತದೆ ಅಂತ ನೋಡಿದ ಮೇಲೆ ಗುರುತು ಹಾಕಿ.

ಪ್ಲೇಟು, ಡ್ರಮ್ಮು, ಬೇರಿಂಗು

ಟ್ರೇಲರನ್ನು ಚೆಸ್ಸಿಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಬರೀ ಜಾಕ್ ಮೇಲೆ ಬಿಟ್ಟು ಕೆಳಗೆ ನುಗ್ಗಬೇಡಿ.

ಎಡ ಬಲ ಪ್ಲೇಟುಗಳು ಬೇರೆ ಬೇರೆ. ಎರಡು ಶೂಗಳಲ್ಲಿ ಒಂದರ ಲೈನಿಂಗ್ ಗಿಡ್ಡ, ಇನ್ನೊಂದರದ್ದು ಉದ್ದ. ಗಿಡ್ಡದ್ದು ಟ್ರೇಲರ್‌ನ ಮುಂದಕ್ಕೆ ಬರಬೇಕು. ಇದು ನನ್ನ ಮೊದಲ ತಪ್ಪು. ಕತ್ತಲಾಗುವ ಹೊತ್ತಿಗೆ ಅವಸರದಲ್ಲಿ ಅದಲು ಬದಲು ಹಾಕಿದೆ. ಮುಂದಕ್ಕೆ ಹೋಗುವಾಗ ಬ್ರೇಕ್ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು, ರಿವರ್ಸ್ ತೆಗೆದರೆ ಮಾತ್ರ ಕಚ್ಚಿ ಹಿಡಿಯುತ್ತಿತ್ತು. ಒಂದು ಭಾನುವಾರ ಪೂರ್ತಿ ವೈರ್ ಹುಡುಕಿದೆ. ಕೊನೆಗೆ ಡ್ರಮ್ಮು ತೆಗೆದಾಗ ಉದ್ದದ ಶೂ ಮುಂದೆ ಕೂತು ನನ್ನನ್ನೇ ನೋಡುತ್ತಿತ್ತು.

8.8 ಗ್ರೇಡಿನ ಗಟ್ಟಿ ಬೋಲ್ಟು, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟು ಹಾಕಿ. ಅಂಗಡಿಯವನು ಕೊಡುವ ಮಾಮೂಲಿ ಬೋಲ್ಟು ಇಲ್ಲಿ ಬೇಡ.

ಬೇರಿಂಗ್‌ಗೆ ಗ್ರೀಸ್ ತುಂಬೋದು ಗೊತ್ತಿದ್ದವರು ಮುಂದಕ್ಕೆ ಹೋಗಬಹುದು. ಗೊತ್ತಿಲ್ಲದವರಿಗೆ: ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ಇಟ್ಟುಕೊಂಡು, ಬೇರಿಂಗ್‌ನ ಅಗಲದ ಕಡೆಯನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ರೋಲರ್‌ಗಳ ಸಂದಿಯಿಂದ ಆಚೆ ಕಡೆ ಗ್ರೀಸ್ ಹುಳದ ಹಾಗೆ ಹೊರಗೆ ಬರುವವರೆಗೆ. ಒಳಗಿನ ಬೇರಿಂಗ್, ಹೊಸ ಸೀಲ್, ಡ್ರಮ್ಮು, ಹೊರಗಿನ ಬೇರಿಂಗ್, ವಾಷರ್, ನಟ್ಟು. ಡ್ರಮ್ಮನ್ನು ಒಂದು ಕೈಯಲ್ಲಿ ತಿರುಗಿಸುತ್ತಾ ನಟ್ಟನ್ನು ಸುಮಾರು 68 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ಬೇರಿಂಗ್ ಕೂರಲಿ. ಆಮೇಲೆ ಪೂರ್ತಿ ಸಡಿಲಿಸಿ, ಬರೀ ಬೆರಳಿನಲ್ಲಿ ತಿರುಗಿಸುವಷ್ಟು ಬಿಗಿ ಮಾಡಿ ಸ್ಪ್ಲಿಟ್ ಪಿನ್ ಹಾಕಿ. ಪಾನಾ ಹಿಡಿದು ಇನ್ನೊಂದು ಚೂರು ಅಂತ ಬಿಗಿ ಮಾಡಬೇಡಿ, ಬೇರಿಂಗ್ ಸುಡುತ್ತದೆ.

ಶೂ ಮೇಲೆ, ಡ್ರಮ್ಮಿನ ಒಳಮುಖದ ಮೇಲೆ ಗ್ರೀಸಿನ ಬೆರಳಚ್ಚು ಕೂಡ ಇರಬಾರದು. ಹೊಸ ಡ್ರಮ್ಮಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಬಳಿದಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ.

ಶೂ ಹೊಂದಿಸೋದು ಸುಲಭ, ಆದರೆ ಜನ ಬಿಟ್ಟುಬಿಡುತ್ತಾರೆ. ಪ್ಲೇಟಿನ ಹಿಂದೆ ಕೆಳಗಡೆ ಒಂದು ಉದ್ದನೆ ಕಿಂಡಿ ಇದೆ, ರಬ್ಬರ್ ಮುಚ್ಚಳ ಇರುತ್ತದೆ. ಅದರೊಳಗೆ ಹಲ್ಲಿನ ಚಕ್ರ. ಸ್ಕ್ರೂಡ್ರೈವರ್ ತೂರಿಸಿ ಹಲ್ಲನ್ನು ಮೀಟುತ್ತಾ ಹೋಗಿ, ಕಟ್ ಕಟ್ ಅಂತ ಸದ್ದು ಬರುತ್ತದೆ. ಗಾಲಿ ಕೈಯಲ್ಲಿ ತಿರುಗಿಸೋಕೆ ಕಷ್ಟ ಆಗುವಷ್ಟು ಬಿಗಿಯಾದ ಮೇಲೆ, ವಾಪಸ್ ಸಡಿಲಿಸಿ. ಗಾಲಿ ಸಲೀಸಾಗಿ ತಿರುಗಬೇಕು, ಕಿವಿಗೊಟ್ಟರೆ ಮಾತ್ರ ಶೂ ಸವರುವ ಸರ್ ಸರ್ ಕೇಳಬೇಕು. ಎರಡೂ ಕಡೆ ಒಂದೇ ಸದ್ದು.

ಗಾಲಿ ನಟ್ಟನ್ನು ನಕ್ಷತ್ರದ ಹಾಗೆ ಒಂದು ಬಿಟ್ಟು ಒಂದು ಬಿಗಿ ಮಾಡಿ. ಹೊಸ ಡ್ರಮ್ಮಿನಲ್ಲಿ ನಟ್ಟು ಸಡಿಲ ಆಗುತ್ತದೆ, ಹಾಗಾಗಿ ಮೊದಲ ಸಲ 15, 40, 80 ಕಿಲೋಮೀಟರ್ ಆದಾಗ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ದಾವಣಗೆರೆಯಿಂದ ಹರಿಹರ ಒಂದು ನಿಲುಗಡೆ ಅಂತ ಇಟ್ಟುಕೊಂಡರೆ ಸರಿಹೋಗುತ್ತದೆ.

ವೈರಿಂಗ್: ನಿಧಾನವಾಗಿ ಓದಿ

ಪ್ರತಿ ಮ್ಯಾಗ್ನೆಟ್‌ನಿಂದ ಎರಡು ವೈರ್ ಬರುತ್ತವೆ. ಎರಡೂ ಒಂದೇ ಬಣ್ಣ, ಪ್ಲಸ್ ಮೈನಸ್ ಅಂತ ಇಲ್ಲ. ಒಂದನ್ನು ಬ್ರೇಕ್ ಲೈನಿಗೆ, ಇನ್ನೊಂದನ್ನು ಅರ್ತ್‌ಗೆ ಕೊಡಿ. ಎಡ ಬಲ ಎರಡೂ ಪ್ಯಾರಲಲ್, ಸರಣಿಯಲ್ಲಿ ಅಲ್ಲ.

10 ಇಂಚಿನ ಬ್ರೇಕಿನ ಒಂದು ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ಎರಡಕ್ಕೆ 6. ಇಷ್ಟೇ ತಾನೇ ಅಂತ ನಾನು ಮನೆಯಲ್ಲಿದ್ದ 1 ಚದರ ಮಿ.ಮೀ. ವೈರ್ ಎಳೆದೆ. ಲೆಕ್ಕ ಆಮೇಲೆ ಹಾಕಿದೆ. ಬೊಲೆರೊದ ಡ್ಯಾಶ್‌ಬೋರ್ಡಿನಿಂದ ಟ್ರೇಲರ್ ಗಾಲಿಯವರೆಗೆ 10 ಮೀಟರ್, ವಾಪಸ್ ಅರ್ತ್ 10 ಮೀಟರ್, ಒಟ್ಟು 20. ತಾಮ್ರದ 1 ಚದರ ಮಿ.ಮೀ. ವೈರಿನಲ್ಲಿ 20 ಮೀಟರ್‌ಗೆ 0.35 ಓಮ್. 6 ಆಂಪಿಯರ್ ಹರಿದರೆ 2.1 ವೋಲ್ಟ್ ದಾರಿಯಲ್ಲೇ ಹೋಯಿತು. 12ರಲ್ಲಿ 2! ಅದೇ 4 ಚದರ ಮಿ.ಮೀ. ಆದರೆ ಹೋಗೋದು ಬರೀ ಅರ್ಧ ವೋಲ್ಟ್. 4 ಚದರ ಮಿ.ಮೀ.ನ ಮಲ್ಟಿ ಸ್ಟ್ರಾಂಡ್ ಆಟೋ ವೈರ್ ತನ್ನಿ. ಮನೆ ವೈರಿಂಗ್‌ನ ಒಂಟಿ ಕಡ್ಡಿ ವೈರ್ ಬೇಡ, ಅಲುಗಾಟಕ್ಕೆ ಮುರಿಯುತ್ತದೆ.

ಅರ್ತ್ ವಿಷಯದಲ್ಲಿ ನಾನು ಇನ್ನೊಂದು ಭಾನುವಾರ ಕಳೆದುಕೊಂಡೆ. ಚೆಸ್ಸಿಯೇ ಅರ್ತ್ ಅಲ್ವಾ, ಅದಕ್ಕೊಂದು ವೈರ್ ಯಾಕೆ ಅಂತ ಮ್ಯಾಗ್ನೆಟ್ ವೈರನ್ನು ಎಕ್ಸಲ್ ಹತ್ತಿರದ ಒಂದು ಬೋಲ್ಟಿಗೆ ಸುತ್ತಿದೆ. ಶೆಡ್ಡಿನಲ್ಲಿ ಚೆನ್ನಾಗಿತ್ತು. ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಬ್ರೇಕ್ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಕರೆಂಟು ಬಣ್ಣ, ತುಕ್ಕು, ಕೊಂಡಿಯ ಗ್ರೀಸು ಎಲ್ಲ ದಾಟಿ ಬೊಲೆರೊಗೆ ವಾಪಸ್ ಹೋಗಬೇಕಿತ್ತು. ಈಗ ಎರಡೂ ಮ್ಯಾಗ್ನೆಟ್‌ನಿಂದ ಪ್ರತ್ಯೇಕ ಬಿಳಿ ವೈರ್ ಗಾಡಿಗೂ ಟ್ರೇಲರ್‌ಗೂ ನಡುವಿನ ಪ್ಲಗ್‌ವರೆಗೆ, ಪ್ಲಗ್‌ನಿಂದ ಬ್ಯಾಟರಿ ನೆಗೆಟಿವ್‌ವರೆಗೆ. ಕೊಂಡಿಯನ್ನು ನಂಬಬೇಡಿ.

ಜಾಯಿಂಟುಗಳನ್ನು ತಿರುಚಿ ಟೇಪ್ ಸುತ್ತಿ ಬಿಡಬೇಡಿ. ಸಾಲ್ಡರ್ ಮಾಡಿ ಅಥವಾ ಕ್ರಿಂಪ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಮಡಚುವ ಟ್ರೇಲರ್‌ನಲ್ಲಿ ಒಂದು ವಿಶೇಷ ಕಾಟ ಇದೆ: ಟೆಂಟಿನ ಚಾವಣಿ ಎತ್ತುವ ಸ್ಟೀಲ್ ಕೇಬಲ್ಲು, ಪುಲ್ಲಿಗಳು ಚೆಸ್ಸಿ ಕೆಳಗೇ ಓಡುತ್ತವೆ. ವೈರ್ ಎಳೆದ ಮೇಲೆ ಚಾವಣಿಯನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಯಾರನ್ನಾದರೂ ಕೆಳಗೆ ಮಲಗಿಸಿ ನೋಡಿಸಿ. ಕೇಬಲ್ ಎಲ್ಲೂ ವೈರಿಗೆ ಉಜ್ಜಬಾರದು.

ಪ್ಲಗ್ ವಿಷಯ. ಅಮೆರಿಕದ ಹಳೇ ನಾಲ್ಕು ವೈರ್ ಪ್ಲಗ್‌ನಲ್ಲಿ ಬ್ರೇಕ್ ಲೈಟೂ ಇಂಡಿಕೇಟರೂ ಒಂದೇ ವೈರ್. ನಮ್ಮ ಗಾಡಿಗಳಲ್ಲಿ ಎರಡೂ ಬೇರೆ. ಎಡ, ಬಲ, ಸ್ಟಾಪ್, ಟೇಲ್, ಅರ್ತ್, ಎಲೆಕ್ಟ್ರಿಕ್ ಬ್ರೇಕ್, ಆರು ಆಯಿತು. ಏಳನೆಯದು ಟ್ರೇಲರ್ ಬ್ಯಾಟರಿ ಚಾರ್ಜ್‌ಗೆ. ಹಾಗಾಗಿ ಏಳು ಪಿನ್ನಿನದ್ದು ಬೇಕು. ಆದರೆ ಬಣ್ಣ ನಂಬಿ ಜೋಡಿಸಬೇಡಿ. ಆಸ್ಟ್ರೇಲಿಯಾದ ಪ್ಲಗ್‌ನಲ್ಲಿ 5ನೇ ಪಿನ್ನಿನ ನೀಲಿ ವೈರ್ ಎಲೆಕ್ಟ್ರಿಕ್ ಬ್ರೇಕು. ಯುರೋಪಿನ ಪ್ಲಗ್‌ನಲ್ಲಿ ನೀಲಿ ವೈರ್ ಇರೋದು 2ನೇ ಪಿನ್ನಿಗೆ, ಅದು ಹಿಂದಿನ ಫಾಗ್ ಲ್ಯಾಂಪು. ಒಂದು ಚೀಟಿಯಲ್ಲಿ ನಿಮ್ಮ ಪಿನ್ ಪಟ್ಟಿ ಬರೆದು ಲ್ಯಾಮಿನೇಟ್ ಮಾಡಿಸಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಬಿಡಿ. ಎರಡು ವರ್ಷ ಆದ ಮೇಲೆ ನಿಮಗೇ ನೆನಪಿರೋಲ್ಲ.

ಗಾಡಿಯೊಳಗೆ ಕಂಟ್ರೋಲರ್

ಎರಡು ಜಾತಿ ಇವೆ. ಒಂದು, ಪೆಡಲ್ ಒತ್ತಿದ ಕೂಡಲೇ ನಿಗದಿ ಮಾಡಿದಷ್ಟು ಕರೆಂಟನ್ನು ನಿಧಾನವಾಗಿ ಏರಿಸುವುದು. ನೀವು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಅದಕ್ಕೆ ಒಂದೇ. ಇನ್ನೊಂದು, ಗಾಡಿ ಎಷ್ಟು ಬೇಗ ನಿಧಾನವಾಗುತ್ತಿದೆ ಅಂತ ಒಳಗಿನ ಸೆನ್ಸರ್‌ನಲ್ಲಿ ನೋಡಿ ಅಷ್ಟಕ್ಕಷ್ಟೇ ಕೊಡುವುದು. ಟೆಕೊನ್ಷಾದ ಪ್ರಾಡಿಜಿ ಪಿ3, ರೆಡಾರ್ಕ್‌ನ ಟೋ-ಪ್ರೋ ಈ ಎರಡನೇ ಥರದವು. ದುಡ್ಡು ಜಾಸ್ತಿ, ಆದರೆ ನಮ್ಮ ಊರೊಳಗಿನ ಟ್ರಾಫಿಕ್‌ನಲ್ಲಿ, ಅಶೋಕ ರಸ್ತೆಯಲ್ಲಿ ನಿಮಿಷಕ್ಕೆ ಹತ್ತು ಸಲ ಪೆಡಲ್ ಮುಟ್ಟುವಾಗ ಮೊದಲನೆಯದು ಪ್ರತಿ ಸಲ ಜಗ್ಗುತ್ತದೆ. ನನ್ನ ಓಟು ಎರಡನೆಯದಕ್ಕೇ.

ನಾಲ್ಕು ವೈರ್ ಇರುತ್ತವೆ. ಕಪ್ಪು ಬ್ಯಾಟರಿ ಪಾಸಿಟಿವ್‌ಗೆ ನೇರವಾಗಿ, ನಡುವೆ ಬ್ಯಾಟರಿ ಹತ್ತಿರವೇ 20 ಆಂಪಿಯರ್ ಸರ್ಕ್ಯೂಟ್ ಬ್ರೇಕರ್, ಅದೂ ತಾನಾಗೇ ಮತ್ತೆ ಕೂಡಿಕೊಳ್ಳುವಂಥದ್ದು. ಬಿಳಿ ಬ್ಯಾಟರಿ ನೆಗೆಟಿವ್‌ಗೆ. ನೀಲಿ ಹಿಂದಕ್ಕೆ ಟ್ರೇಲರ್ ಬ್ರೇಕಿಗೆ. ಕೆಂಪು ಪೆಡಲ್ ಮೇಲಿನ ಸ್ಟಾಪ್ ಲೈಟ್ ಸ್ವಿಚ್‌ಗೆ, ಅದೂ ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ಬರುವ ಕಡೆಗೆ. ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕಿ: ಒಂದು ವೈರಿನಲ್ಲಿ ಯಾವಾಗಲೂ ಉರಿಯುತ್ತದೆ, ಇನ್ನೊಂದರಲ್ಲಿ ಒತ್ತಿದಾಗ ಮಾತ್ರ. ಎರಡನೆಯದು ನಿಮ್ಮದು. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಮೂಲಕ ಹೋಗುವ ವೈರಿಂಗ್ ಇದ್ದರೆ ಕೈ ಹಾಕುವ ಮೊದಲು ತಿಳಿದ ಆಟೋ ಎಲೆಕ್ಟ್ರಿಶಿಯನ್‌ಗೆ ತೋರಿಸಿ.

ಪೆಟ್ಟಿಗೆಯನ್ನು ಕೈಗೆ ಸಿಗುವ ಕಡೆ ಕೂರಿಸಿ. ಅದರ ಮೇಲಿನ ಸಣ್ಣ ಲಿವರ್ ಒತ್ತಿದರೆ ಟ್ರೇಲರ್ ಬ್ರೇಕ್ ಮಾತ್ರ ಹಿಡಿಯುತ್ತದೆ. ಟ್ರೇಲರ್ ಓಲಾಡಿದಾಗ ಪೆಡಲ್ ಮುಟ್ಟದೆ ಇದನ್ನು ಮೆಲ್ಲಗೆ ಒತ್ತಬೇಕು. ಹಿಂದಿನಿಂದ ಹಗ್ಗ ಹಿಡಿದು ಎಳೆದ ಹಾಗೆ ಟ್ರೇಲರ್ ನೆಟ್ಟಗಾಗುತ್ತದೆ.

ಕೊಂಡಿ ಕಳಚಿದರೆ

ಟ್ರೇಲರ್ ಕೊಂಡಿ ಬಿಟ್ಟು ಹೋದರೆ ತಾನಾಗೇ ಬ್ರೇಕ್ ಹಿಡಿಯುವ ಸ್ವಿಚ್ ಹಾಕಲೇಬೇಕು. ಟ್ರೇಲರ್ ಮೇಲೆ ಒಂದು ಸಣ್ಣ ಬ್ಯಾಟರಿ, ಒಂದು ಸ್ವಿಚ್, ಸ್ವಿಚ್‌ನಲ್ಲಿ ಒಂದು ಪಿನ್, ಪಿನ್ನಿಗೆ ದಾರ. ದಾರ ಎಳೆದು ಪಿನ್ ಕಿತ್ತರೆ ಬ್ಯಾಟರಿ ನೇರವಾಗಿ ಮ್ಯಾಗ್ನೆಟ್‌ಗೆ. ಯುಪಿಎಸ್‌ನಲ್ಲಿ ಹಾಕುವ 12 ವೋಲ್ಟ್ 7 ಎಎಚ್ (ಆಂಪಿಯರ್ ಅವರ್) ಸೀಲ್ಡ್ ಬ್ಯಾಟರಿ ಸಾಕು. 6 ಆಂಪಿಯರ್ ಕಾಲು ಗಂಟೆ ಅಂದರೆ 1.5 ಎಎಚ್ ಅಷ್ಟೇ.

ದಾರವನ್ನು ಗಾಡಿಯ ಚೆಸ್ಸಿಗೆ ಕಟ್ಟಿ. ಕೊಂಡಿಯ ಗುಂಡಿಗೋ ಸೇಫ್ಟಿ ಚೈನಿಗೋ ಕಟ್ಟಿದರೆ, ಅವು ಕಿತ್ತು ಬಂದಾಗ ದಾರವೂ ಜೊತೆಗೇ ಬರುತ್ತದೆ, ಪಿನ್ ಅಲ್ಲೇ ಉಳಿಯುತ್ತದೆ. ಪರೀಕ್ಷೆ ಮಾಡುವಾಗ ಮೊದಲು ಏಳು ಪಿನ್ನಿನ ಪ್ಲಗ್ ಕಳಚಿ, ಇಲ್ಲದಿದ್ದರೆ ಕರೆಂಟ್ ಉಲ್ಟಾ ಕಂಟ್ರೋಲರ್‌ಗೆ ಹೋಗುತ್ತದೆ. ಪಿನ್ ಎಳೆದು ಗಾಲಿ ತಿರುಗಿಸಿ ನೋಡಿ, ಹಿಡಿಯಿತು ಅಂದ ಕೂಡಲೇ ವಾಪಸ್ ಹಾಕಿ.

ರಸ್ತೆಗೆ ಇಳಿಯುವ ಮೊದಲು

ಮೀಟರ್ ತೆಗೆದುಕೊಂಡು, ಪ್ಲಗ್ ಕಳಚಿ, ಬ್ರೇಕ್ ಪಿನ್ನಿಗೂ ಅರ್ತ್ ಪಿನ್ನಿಗೂ ಓಮ್ ನೋಡಿ. ಒಂದು ಮ್ಯಾಗ್ನೆಟ್ 3ರಿಂದ 4 ಓಮ್, ಎರಡೂ ಸೇರಿ 2ರ ಆಸುಪಾಸು. 3, 4 ಬಂದರೆ ಒಂದು ಕಡೆ ವೈರ್ ಕಿತ್ತಿದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್. ಆಮೇಲೆ ನೀಲಿ ವೈರಿಗೆ ಸರಣಿಯಲ್ಲಿ ಆಂಪಿಯರ್ ಮೀಟರ್ ಕೊಟ್ಟು ಕಂಟ್ರೋಲರ್ ಮೇಲಿನ ಲಿವರನ್ನು ಪೂರ್ತಿ ಒತ್ತಿಸಿ: 6ರ ಹತ್ತಿರ ಬರಬೇಕು. ಅರ್ಧ ಒತ್ತಿದಾಗ ಮೀಟರ್ ಏನೇನೋ ತೋರಿಸಿದರೆ ಗಾಬರಿ ಬೇಡ, ಕಂಟ್ರೋಲರ್ ಕರೆಂಟನ್ನು ತುಂಡು ತುಂಡಾಗಿ ಕಳಿಸುತ್ತದೆ.

ಮೀಟರ್ ಇಲ್ಲದವರಿಗೆ ಒಂದು ಉಪಾಯ. ಮಗಳನ್ನು ಸ್ಟೀರಿಂಗ್ ಹತ್ತಿರ ಕೂರಿಸಿ ಆ ಲಿವರ್ ಒತ್ತು ಅಂದೆ. ಡ್ರಮ್ಮಿಗೆ ಕಿವಿ ಕೊಟ್ಟರೆ ಒಳಗೆ ಗುಂಯ್ ಅಂತ ಸಣ್ಣ ಸದ್ದು. ಫೋನಿನ ದಿಕ್ಸೂಚಿಯನ್ನು ಡ್ರಮ್ಮಿನ ಪಕ್ಕ ಹಿಡಿದರೆ ಒತ್ತಿದಾಗಲೆಲ್ಲ ಮುಳ್ಳು ಹೊರಳುತ್ತದೆ. "ಅಪ್ಪಾ, ಉತ್ತರ ದಿಕ್ಕು ನಮ್ಮ ಗಾಲಿ ಕಡೆ ಬಂತು" ಅಂದಳು.

ಹದ ಮಾಡೋದಕ್ಕೆ ಖಾಲಿ, ಒಣ, ಸಮತಟ್ಟಾದ ರಸ್ತೆ ಬೇಕು. 40ರಲ್ಲಿ ಹೋಗುತ್ತಾ ಕೈ ಲಿವರನ್ನು ಪೂರ್ತಿ ಒತ್ತಿ. ಗಾಲಿ ಲಾಕ್ ಆಗಿ ಎಳೆದುಕೊಂಡು ಬಂದರೆ ಗೇನ್, ಅಂದರೆ ಕಂಟ್ರೋಲರ್ ಎಷ್ಟು ಕರೆಂಟ್ ಕಳಿಸಬೇಕು ಅನ್ನುವ ಸೆಟ್ಟಿಂಗ್, ಇಳಿಸಿ. ಏನೂ ಗೊತ್ತಾಗದಿದ್ದರೆ ಏರಿಸಿ. ಲಾಕ್ ಆಗುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿ. ಆಮೇಲೆ ಲೈನಿಂಗ್ ಪಳಗಿಸಬೇಕು: 65ರಿಂದ 30ಕ್ಕೆ ಇಳಿಸುತ್ತಾ 20ರಿಂದ 50 ಸಲ, ನಡುವೆ ಡ್ರಮ್ಮು ತಣಿಯಲು ಬಿಡುತ್ತಾ. ಮೊದಲ ದಿನ ಹಿಡಿತ ಸಾಲದು ಅಂತ ಗೇನ್ ತಾರಕಕ್ಕೆ ಏರಿಸಿಕೊಂಡು ಕೂರಬೇಡಿ, ಪಳಗಿದ ಮೇಲೆ ಅದೇ ಗೇನ್ ಲಾಕ್ ಮಾಡುತ್ತದೆ.

ಈ ಗೇನ್ ಒಮ್ಮೆ ಇಟ್ಟು ಮರೆಯುವ ವಸ್ತು ಅಲ್ಲ. ಟ್ರೇಲರ್ ಖಾಲಿ ಇದ್ದಾಗ ಇಳಿಸಬೇಕು, ಮಳೆಯಲ್ಲಿ ಇಳಿಸಬೇಕು. ಮತ್ತೆ ನಮ್ಮ ಕಡೆಯ ಒಂದು ಮಾತು: ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ಮೆಕ್ಕೆಜೋಳ ಒಣಹಾಕಿರುತ್ತಾರೆ. ಟಾರಿನ ಮೇಲೆ ಕಾಳು ಅಂದರೆ ಗೋಲಿ ಹರಡಿದ ಹಾಗೆ. ಅಲ್ಲಿ ಗೇನ್ ಅರ್ಧಕ್ಕೆ ಇಳಿಸಿ, 20ರಲ್ಲಿ ಹೋಗಿ.

ಮೊದಲ 300 ಕಿಲೋಮೀಟರ್ ಆದ ಮೇಲೆ ಶೂ ಮತ್ತೆ ಹೊಂದಿಸಿ, ಲೈನಿಂಗ್ ಕೂತು ಸಂದು ಜಾಸ್ತಿ ಆಗಿರುತ್ತದೆ. ಆಮೇಲೆ 5,000 ಕಿಲೋಮೀಟರ್‌ಗೆ ಒಮ್ಮೆ. ವರ್ಷಕ್ಕೊಮ್ಮೆ ಡ್ರಮ್ಮು ತೆಗೆದು ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ, ಅದೇ ಹೊತ್ತಿಗೆ ಮ್ಯಾಗ್ನೆಟ್ ಮುಖದ ಮೇಲೆ ಒಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಸಮ ಇದ್ದರೆ ಬಿಡಿ. ಒಂದು ಕಡೆ ಓರೆ ಸವೆದಿದ್ದರೆ ಎರಡೂ ಕಡೆ ಒಟ್ಟಿಗೇ ಬದಲಿಸಿ. ಪ್ಲಗ್‌ಗೆ ಮುಚ್ಚಳ ಹಾಕಿಡಿ. ನನ್ನದರೊಳಗೆ ಹೋದ ಮಳೆಗಾಲದಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು, 5ನೇ ಪಿನ್ನಿನ ತೂತಿನೊಳಗೇ.